ಚಿನ್ನದ ಊರಿನ ಹಸಿರು ಪಾಠಗಳು

ಕೆಜಿಎಫ್ ಹೆಸರು ಕೇಳದ ಮಕ್ಕಳು ಈಗ ಇರಲಾರರು. ಸಿನಿಮಾ ಬಂದ ಮೇಲಂತೂ ಆ ಹೆಸರು ಮನೆಮನೆಗೂ ಮುಟ್ಟಿದೆ. ಆದರೆ ಆ ಊರಿನ ಮರ, ಕೆರೆ, ಹುತ್ತಗಳ ಬಗ್ಗೆ ಹೇಳುವವರು ಕಡಿಮೆ. ಇವತ್ತು ನಾನು ಹೇಳಹೊರಟಿರುವುದು ಅವುಗಳ ಕಥೆಯನ್ನೇ.

ನಾನು ತೀರ್ಥಹಳ್ಳಿ ಕಡೆಯವಳು. ಮಗಳಿಗೆ ಬಂಗಾರಪೇಟೆಗೆ ವರ್ಗವಾದಾಗ ಮೊಮ್ಮಗನನ್ನು ನೋಡಿಕೊಳ್ಳಲು ಹೋಗಿ ಒಂದು ವರ್ಷ ಅಲ್ಲೇ ಇದ್ದೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಕೋಲಾರ ಜಿಲ್ಲೆಗೆ ಸಿಗುವುದು ಅದರ ಹತ್ತರಲ್ಲಿ ಒಂದು ಪಾಲು. ವರ್ಷವಿಡೀ ಹರಿಯುವ ಹೊಳೆಯೂ ಅಲ್ಲಿಲ್ಲ. ಇಷ್ಟು ಕಡಿಮೆ ನೀರಿನಲ್ಲಿ ಇಲ್ಲಿನ ಜೀವಗಳು ಹೇಗೆ ಬದುಕುತ್ತವೆ? ಸಂಜೆ ಮೊಮ್ಮಗನ ಕೈಹಿಡಿದು ಅಡ್ಡಾಡುವಾಗಲೆಲ್ಲ ನನಗೆ ಇದೇ ಯೋಚನೆ. ಉತ್ತರ ಒಂದೊಂದಾಗಿ ಸಿಕ್ಕಿತು.

ಹೊಂಗೆ ಕಲಿಸಿದ್ದು

ಶಿವರಾತ್ರಿಯ ಹೊತ್ತಿಗೆ ನಮ್ಮ ಬೀದಿಯ ಹೊಂಗೆಮರ ಎಲೆಯೆಲ್ಲ ಉದುರಿಸಿ ಬರಿದಾಗಿ ನಿಂತಿತು. "ಅಜ್ಜೀ, ಮರ ಸತ್ತುಹೋಯ್ತಾ?" ಎಂದು ಮೊಮ್ಮಗ ಕೇಳಿದ. ಯುಗಾದಿ ಬಂತು ನೋಡಿ, ಬಿಸಿಲು ಏರುತ್ತಿದ್ದಂತೆ ಮರದ ತುಂಬ ಎಳೆ ಹಸಿರು! ಆಮೇಲೆ ಹೂವು, ಬುಡದಲ್ಲೆಲ್ಲ ಪುರಿ ಚೆಲ್ಲಿದ ಹಾಗೆ.

ಎಲೆಗಳ ಮೂಲಕ ಮರದ ನೀರು ಆವಿಯಾಗಿ ಹೋಗುತ್ತಿರುತ್ತದೆ. ನೆಲ ಒಣಗಿದಾಗ ಹಳೆಯ ಎಲೆ ಉದುರಿಸಿ ಮರ ತನ್ನ ಖರ್ಚು ತಗ್ಗಿಸಿಕೊಳ್ಳುತ್ತದೆ. ಅಷ್ಟರಲ್ಲಿ ಆಳದಲ್ಲಿರುವ ಬೇರು ಸಿಕ್ಕಷ್ಟು ತೇವ ಹೀರುತ್ತಿರುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಿಕೊಡುತ್ತವೆ. ನಮಗೆ ನೆರಳು ಬಹಳ ಬೇಕಾಗುವ ಹೊತ್ತಿಗೆ ಸರಿಯಾಗಿ ಹೊಂಗೆ ನೆರಳು ಕೊಡುತ್ತದೆ. ಕಷ್ಟಕಾಲದಲ್ಲಿ ಬೇಡವಾದದ್ದನ್ನು ಬಿಡುವುದು, ಬೇರನ್ನು ಮಾತ್ರ ಬಿಡದಿರುವುದು: ಇದು ಹೊಂಗೆಯ ಪಾಠ.

ಕೋಡಿ ಬಿದ್ದರೆ ಊರಿಗೆ ಹಬ್ಬ

ನದಿಯ ಆಸರೆ ಇಲ್ಲದ ಈ ಸೀಮೆಯಲ್ಲಿ ಹಿಂದಿನವರು ಕೆರೆ ಕಟ್ಟಿದರು. ಕೋಲಾರ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವು ಸರಪಳಿಯ ಕೊಂಡಿಗಳ ಹಾಗೆ ಒಂದಕ್ಕೊಂದು ಸೇರಿಕೊಂಡಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಆ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಮೇಲಿನವರು ಕೋಡಿಗೆ ಅಡ್ಡ ಕಟ್ಟಿದರೆ ಕೆಳಗಿನವರಿಗೆ ಬರ. ಕಟ್ಟಿದವರ ಏರಿಗೂ ಅಪಾಯ.

2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದೂ ಹೋಗುವುದು ಹೀಗೆಯೇ, ಕೆರೆಯಿಂದ ಕೆರೆಗೆ. ತುಂಬಿದ ಮೇಲೆ ಮುಂದಿನವರಿಗೆ ಬಿಡಬೇಕು ಎಂಬುದನ್ನು ಕೆರೆಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು?

ಹುತ್ತ ಮತ್ತು ಗಣಿ

ಊರ ಹೊರಗಿನ ಕೆಮ್ಮಣ್ಣಿನಲ್ಲಿ ನನಗಿಂತ ಎತ್ತರದ ಹುತ್ತಗಳಿದ್ದವು. ಕಣ್ಣೇ ಕಾಣದ ಗೆದ್ದಲು ಕೆಲಸಗಾರರು ಮಣ್ಣಿನ ಕಾಳನ್ನು ಎಂಜಲಿನಿಂದ ಮೆತ್ತಿ ಮೆತ್ತಿ ಕಟ್ಟಿದ ಮನೆ ಅದು. ಒಳಗಿನ ಸುರಂಗಗಳಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ತೇವ ಬೇಕಾದಾಗ ಗೆದ್ದಲುಗಳು ಆಳಕ್ಕೆ ಇಳಿಯುತ್ತವೆ. ಸುಮಾರು 1,500 ವರ್ಷಗಳ ಹಿಂದೆಯೇ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ, ನೆಲದಡಿಯ ನೀರು ಹುಡುಕಲು ಹುತ್ತವೂ ಒಂದು ಗುರುತು ಎಂದು ಬರೆದಿದ್ದಾನೆ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಮನುಷ್ಯರ ಹುತ್ತ ಕಾಣಿಸುತ್ತದೆ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಶುರು ಮಾಡಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಬರಬರುತ್ತಾ ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿದರೂ ಕೆಲವೇ ಗ್ರಾಂ ಸಿಗುವ ಹಾಗಾಗಿ, ಖರ್ಚು ಗಿಟ್ಟದೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಚಾಂಪಿಯನ್ ರೀಫ್‌ನ ಕಾರ್ಮಿಕರ ಸಾಲುಮನೆಯಲ್ಲಿ ಒಬ್ಬ ತಾತನ ಪರಿಚಯವಾಯಿತು. ಮೂವತ್ತು ವರ್ಷ ಗಣಿಯೊಳಗೆ ದುಡಿದವರು. "ಅಷ್ಟು ಆಳದಲ್ಲಿ ಬಂಡೆಯೇ ಸುಡ್ತಾ ಇತ್ತಮ್ಮಾ. ತಣ್ಣನೆ ಗಾಳಿ ಮೇಲಿಂದ ಕಳಿಸಬೇಕಾಗಿತ್ತು. ಒಂದೊಂದು ಸಲ ಒತ್ತಡಕ್ಕೆ ಬಂಡೆ ಸಿಡಿದು, ಹೋದೋರು ವಾಪಸ್ ಬರ್ತಾ ಇರಲಿಲ್ಲ" ಎಂದರು. ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ಈಗ ಅವರ ಮಗ ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಕತ್ತಲಾದ ಮೇಲೆ ಮನೆಗೆ ಬರುತ್ತಾನೆ. ಆ ಬೀದಿಯ ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಗೆದ್ದಲು ತನಗೆ ಬೇಕಾದಷ್ಟೇ ಅಗೆಯುತ್ತದೆ. ಅದು ಬಿಟ್ಟುಹೋದ ಹುತ್ತದಲ್ಲಿ ಹಾವೋ ಹಲ್ಲಿಯೋ ಸಂಸಾರ ಹೂಡುತ್ತದೆ, ಮಣ್ಣು ಮತ್ತೆ ಮಣ್ಣಾಗುತ್ತದೆ. ಮನುಷ್ಯ ಬಿಟ್ಟುಹೋದದ್ದೇನು? ಅದನ್ನು ನೋಡಲು ತಾತನ ಮನೆಯಿಂದ ದೂರ ಹೋಗಬೇಕಾಗಿರಲಿಲ್ಲ.

ಗುಡ್ಡದ ಬುಡದ ಹುಲ್ಲು

ಕೆಜಿಎಫ್‌ನಲ್ಲಿ ಬೂದುಬಣ್ಣದ, ಮಟ್ಟಸವಾದ ಗುಡ್ಡಗಳಿವೆ. ಇವು ದೇವರು ಮಾಡಿದ ಗುಡ್ಡಗಳಲ್ಲ. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿ. ಮೂರು ಕೋಟಿ ಟನ್ನಿಗೂ ಹೆಚ್ಚು. ಜನ 'ಸೈನೈಡ್ ಗುಡ್ಡ' ಎಂದೇ ಕರೆಯುತ್ತಾರೆ. ಆಷಾಢದ ಗಾಳಿಗೆ ಆ ಪುಡಿ ಹಾರಿ ಮನೆಯೊಳಗೆ, ಎದೆಯೊಳಗೆ ಸೇರುತ್ತದೆ. ಮಳೆ ಬಂದರೆ ಕೊರಕಲು ಬಿದ್ದು ಕೆಳಗೆ ಹರಿಯುತ್ತದೆ. (ಆಟಕ್ಕೂ ಫೋಟೋಗೂ ಮಕ್ಕಳು ಆ ಗುಡ್ಡ ಹತ್ತಬಾರದು.)

ಆ ಪುಡಿಯಲ್ಲಿ ಸಾರವಿಲ್ಲ, ನೀರೂ ನಿಲ್ಲುವುದಿಲ್ಲ. ಆದರೂ ಬುಡದಲ್ಲಿ ಅಲ್ಲಲ್ಲಿ ಒರಟು ಹುಲ್ಲು, ಜಾಲಿ ಹುಟ್ಟಿದ್ದವು. ಹುಲ್ಲು ಇದ್ದ ಕಡೆ ಪುಡಿ ಹಾರುತ್ತಿರಲಿಲ್ಲ, ಬೇರು ಹಿಡಿದುಕೊಂಡಿತ್ತು. ಎತ್ತರದ ಗುಡ್ಡವನ್ನು ಗೇಣುದ್ದದ ಹುಲ್ಲು ಅಂಗುಲ ಅಂಗುಲವಾಗಿ ಕಟ್ಟಿಹಾಕುತ್ತಿತ್ತು. ಕೆಟ್ಟದ್ದನ್ನು ಸರಿಪಡಿಸಲು ದೊಡ್ಡವರೇ ಬರಬೇಕೆಂದು ಕಾಯಬೇಕಾಗಿಲ್ಲ, ಸಣ್ಣವರೂ ಶುರು ಮಾಡಬಹುದು ಎಂದು ನಾನು ಮೊಮ್ಮಗನಿಗೆ ಹೇಳಿದೆ.

ತಾತನ ಹುಣಸೆಮರ

ಗಣಿ ಮುಚ್ಚಿದ ವರ್ಷ ಆ ತಾತ ಮನೆಯ ಪಕ್ಕ ಒಂದು ಹುಣಸೆ ಬೀಜ ಊರಿದರಂತೆ. ಬೀಜದಿಂದ ಬೆಳೆದ ಹುಣಸೆ ಕಾಯಿ ಬಿಡಲು ಎಂಟು–ಹತ್ತು ವರ್ಷ ಬೇಕು. ಒಮ್ಮೆ ಬೇರೂರಿದರೆ ನೂರು ವರ್ಷ ದಾಟಿಯೂ ನಿಲ್ಲುತ್ತದೆ. ಅಕ್ಕಪಕ್ಕದವರು, "ನೀನು ಹಣ್ಣು ತಿಂದಂಗೇ ಬಿಡು!" ಎಂದು ನಕ್ಕಿದ್ದರಂತೆ. ನಾನು ಹೋದಾಗ ಮರದ ತುಂಬ ಕಾಯಿ ತೂಗುತ್ತಿತ್ತು.

"ಚಿನ್ನ ತೆಗೆದದ್ದು ನಾವು, ಹಾಕಿಕೊಂಡೋರು ಯಾರೋ. ಈ ಹುಣಸೆಹಣ್ಣು ಮಾತ್ರ ನಮ್ಮ ಮನೆ ಸಾರಿಗೇ ಬೀಳುತ್ತಮ್ಮಾ" ಎಂದು ತಾತ ಬಾಯ್ತುಂಬ ನಕ್ಕರು. ಚಿನ್ನ ಒಮ್ಮೆ ತೆಗೆದರೆ ಮುಗಿಯಿತು. ಮರ ಹಾಗಲ್ಲ, ಕೊಯ್ದರೂ ಮರುವರ್ಷ ಮತ್ತೆ ಕೊಡುತ್ತದೆ. ಆ ಒಂದು ವರ್ಷದಲ್ಲಿ ನಾನು ಕಲಿತದ್ದೆಲ್ಲ ಈ ಮಾತಿನಲ್ಲಿದೆ.

ಮಕ್ಕಳೇ, ಅಮ್ಮ ಸಾರಿಗೆ ಹುಣಸೆಹಣ್ಣು ಬಿಡಿಸುವಾಗ ಎರಡು ಬೀಜ ಎತ್ತಿಟ್ಟುಕೊಳ್ಳಿ. ಒಂದು ದಿನ ನೀರಲ್ಲಿ ನೆನೆಸಿ, ಮಣ್ಣು ತುಂಬಿದ ಹಳೆಯ ಡಬ್ಬಿಯಲ್ಲಿ ಊರಿ. ನೀರು ಬಸಿಯಲು ಡಬ್ಬಿಗೆ ತೂತು ಇರಲಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಗಿಡ ಗಟ್ಟಿಯಾದ ಮೇಲೆ, ಮಳೆಗಾಲದ ಮೊದಲಲ್ಲಿ, ಜಾಗ ಇರುವ ಕಡೆ ನೆಡಿ. ಎಲ್ಲಿ ನೆಡಬೇಕೆಂದು ಅಜ್ಜ ಅಜ್ಜಿಯನ್ನು ಕೇಳಿ. ಅವರು ಚಿಕ್ಕವರಿದ್ದಾಗ ನೆಟ್ಟ ಮರ ಯಾವುದು, ಅದು ಈಗಲೂ ಇದೆಯೇ ಎಂಬುದನ್ನೂ ಕೇಳಲು ಮರೆಯಬೇಡಿ.