ಏರಿನಲ್ಲಿ ಏದುಸಿರು ಬಿಡುವ ಹಳೆಯ ಕಾರು

‘ಎಂಜಿನ್ ಹೋಯ್ತು, ಬೋರ್ ಮಾಡಿಸಬೇಕು’ ಅಂತ ಯಾರಾದರೂ ಹೇಳಿದ ಕೂಡಲೇ ಅಡಿಕೆ ಮಾರಿದ ದುಡ್ಡನ್ನು ತೆಗೆದು ಕೊಟ್ಟುಬಿಡಬೇಡಿ, ಸೋದರಿಯರೇ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಮುಂಚೆಯೇ. ಆದರೂ ಮಾವನವರ ಕಾಲದ ಗಾಡಿಯನ್ನು ಕೊಡಲು ಮನಸ್ಸಾಗದೆ ಇಟ್ಟುಕೊಂಡಿರುವ ನಮ್ಮಂಥ ಮನೆಗಳು ಈ ಉಳವಿ ಕಡೆ ಇವೆ. ಅಂಥವರಿಗಾಗಿ ಈ ಮಾತು. (ಡೀಸೆಲ್ ಗಾಡಿಯವರು ಮುಂದಿನ ಪುಟದ ಅಡುಗೆ ನೋಡಬಹುದು, ಅದಕ್ಕೆ ಕಿಡಿಯ ಗೊಡವೆಯೇ ಇಲ್ಲ.)

ಪಿಸ್ಟನ್ ಪೂರ್ತಿ ಮೇಲೆ ಬರುವ ಸ್ವಲ್ಪ ಮುಂಚೆ ಪ್ಲಗ್ ಕಿಡಿ ಹಾರಿಸಬೇಕು. ಉರಿ ಹರಡಲು ಗಳಿಗೆ ಬೇಕಲ್ಲ! ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿನ ಹಾಗೆ. ಕಿಡಿ ತೀರಾ ಮುಂಚೆ ಬಂದರೆ ಏರು ಹತ್ತುವಾಗ ಎಂಜಿನ್ ‘ಟಿಣ್ ಟಿಣ್’ ಎಂದು ಕುಟ್ಟುತ್ತದೆ. ಕೇಳಿಯೂ ಕೇಳದ ಹಾಗೆ ಓಡಿಸಿದರೆ ಪಿಸ್ಟನ್ನೇ ಹಾಳಾಗುತ್ತದೆ, ಆಗ ಖರ್ಚು ನಿಜವಾಗಿಯೂ ದೊಡ್ಡದೇ. ತಡವಾಗಿ ಬಂದರೆ ಸದ್ದಿಲ್ಲ. ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ, ರೇಡಿಯೇಟರ್ ಕುದಿಯುತ್ತದೆ. ಆಗುಂಬೆ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಂತರೆ ಗತಿ ಏನು?

ಬಹಳ ಸಲ ತಪ್ಪು ಇರುವುದು ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ. ಅಲ್ಲಿ ಪಾಯಿಂಟ್ ಅಂತ ಒಂದು ಜೋಡಿ ಇರುತ್ತದೆ. ಅದರ ಹಿಮ್ಮಡಿ ಸವೆಯುತ್ತಾ ಬಂದ ಹಾಗೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಈ ಸಂದು ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನಿಂದ ಅಳೆಯುತ್ತಾರೆ. ಸಂದು ಸರಿಮಾಡಿದ ಮೇಲೆಯೇ ಟೈಮಿಂಗ್ ಮುಟ್ಟಬೇಕು. ತಿರುವುಮುರುವಾದರೆ ಎರಡೂ ಕೆಟ್ಟಿತು! ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ ನೋಡಲಿ. ಪ್ಲಗ್ ಒರೆಸಿ ಹಾಕಿದ ಮೇಲೆ ‘ಢಬ್’ ಎಂದು ಹೊಡೆಯಲು ಶುರುವಾದರೆ ವಯರು ಅದಲುಬದಲಾಗಿರಬಹುದು, ಕ್ರಮ 1-3-4-2.

ನೀವೇ ಬಾನೆಟ್ ಎತ್ತುವುದಾದರೆ ಸೆರಗು ಬಿಗಿಯಾಗಿ ಸಿಕ್ಕಿಸಿ, ಬಳೆ ತೆಗೆದಿಡಿ, ತಾಳಿಸರ ಒಳಗೆ ಹಾಕಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಫ್ಯಾನಿನ ಹತ್ತಿರ ಕೈ ಬೇಡವೇ ಬೇಡ. ಹ್ಯಾಂಡಲ್ ಹೊಡೆಯುವವರಿಗೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಲು ಹೇಳಿ. ಕಿಡಿ ಮುಂಚೆ ಇದ್ದರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ, ಸುತ್ತಿ ಹಿಡಿದ ಹೆಬ್ಬೆರಳು ಮುರಿದೇ ಹೋಗುತ್ತದೆ.

ಪಾಯಿಂಟ್, ಟೈಮಿಂಗ್ ಎರಡೂ ಸರಿಯಾದ ಮೇಲೂ ಗಾಡಿ ಎಳೆಯದಿದ್ದರೆ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳತೆ ಮಾಡಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಕಡಿಮೆ ಬಂದರೆ ವಾಲ್ವೋ ರಿಂಗೋ ಎಂದು ಕೇಳಿ. ಬೋರಿನ ಮಾತು ಅದಾದ ಮೇಲೆ.