ತಪ್ಪು ಲೆಕ್ಕಗಳ ದಫ್ತರ

ತರೀಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯ ಗೂಡಿನಲ್ಲಿ ಉದ್ದನೆಯ ಹಳೇ ಹಾಜರಿ ಪುಸ್ತಕ. ಒಳಗೆ ಹಾಜರಿಯಿಲ್ಲ, ಮಕ್ಕಳು ತಪ್ಪಾಗಿ ಮಾಡಿದ ಕಳೆಯುವ ಲೆಕ್ಕಗಳಿವೆ. ಕೂಡುವುದಿಲ್ಲ, ಗುಣಿಸುವುದಿಲ್ಲ, ಬರೀ ಕಳೆಯುವುದು. ‘ಸರಿ ಉತ್ತರ ಯಾಕೆ ಬರೆದಿಟ್ಟಿಲ್ಲ ಮೇಷ್ಟ್ರೇ?’ ಎಂದೆ. ‘ಬರೆದಿಟ್ಟು ಏನ್ ಮಾಡೋದು ಸ್ವಾಮಿ, ಅದು ಎಲ್ಲರದ್ದೂ ಒಂದೇ’ ಎಂದರು.

ನಾಲ್ಕನೇ ತರಗತಿಗೆ ಬಂದ ಮಕ್ಕಳಿಗೆ ಶಾಲೆ ಶುರುವಾದ ವಾರವೇ ಅವರು ಒಂದು ಲೆಕ್ಕ ಕೊಡುತ್ತಿದ್ದರು: 502ರಲ್ಲಿ 247 ಕಳೆ. ಉತ್ತರ 255. ಪುಸ್ತಕದ ತುಂಬ ಇರುವುದು 345, 365, 300, 165, 355. ಒಂದೊಂದರ ಮುಂದೆಯೂ ಮಗುವಿನ ಹೆಸರಿನ ಮೊದಲಕ್ಷರ, ಇಸವಿ, ಜೊತೆಗೆ ಮೇಷ್ಟ್ರು ತಪ್ಪಿಗೆ ಇಟ್ಟ ಅಡ್ಡಹೆಸರು.

345 ಅಂದರೆ ‘ದೊಡ್ಡಣ್ಣ’. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬ ಗೊಡವೆಯಿಲ್ಲದೆ ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಸೊನ್ನೆ ಹೋದರೆ ನಾಲ್ಕು, ಐದರಲ್ಲಿ ಎರಡು ಹೋದರೆ ಮೂರು. 365 ‘ಕೈಗಡ’: ಪಕ್ಕದ ಮನೆಯಿಂದ ಹತ್ತು ತಂದದ್ದೇನೋ ಆಯಿತು, ಅಲ್ಲಿ ಒಂದು ಕಡಿಮೆ ಮಾಡಲಿಲ್ಲ. 300 ‘ಕೈಲಾಗದು’: ಎರಡರಲ್ಲಿ ಏಳು ಹೋಗಲ್ಲ, ಬರಿ ಸೊನ್ನೆ, ಸೊನ್ನೆಯಲ್ಲಿ ನಾಲ್ಕು ಹೋಗಲ್ಲ, ಬರಿ ಇನ್ನೊಂದು ಸೊನ್ನೆ. 165 ‘ಜಿಗಿತ’: ಬಿಡಿ ಮನೆಗೆ ಬೇಕಾದ ಹತ್ತನ್ನು ಸೊನ್ನೆ ದಾಟಿ ನೂರರ ಮನೆಯಿಂದಲೇ ಎತ್ತಿಕೊಂಡು ಬರುವುದು. ಐದು ನಾಲ್ಕಾಗುತ್ತದೆ. ಆಮೇಲೆ ಸೊನ್ನೆಗೂ ಹತ್ತು ಬೇಕಲ್ಲ, ನಾಲ್ಕು ಮೂರಾಗುತ್ತದೆ.

ನನಗೆ ಹುಚ್ಚು ಹಿಡಿಸಿದ್ದು 355. ಮೇಷ್ಟ್ರು ಅದನ್ನು ‘ಕಳ್ಳ ಒಂಬತ್ತು’ ಅನ್ನುತ್ತಾರೆ. ಬಿಡಿ ಮನೆಯ ಐದು ಸರಿ, ಹತ್ತರ ಮನೆಯ ಐದೂ ಸರಿ, ನೂರರ ಮನೆಯಲ್ಲಿ ಮಾತ್ರ ಒಂದು ಹೆಚ್ಚು. ಯಾರು ನೋಡಿದರೂ ‘ಗಮನವಿಟ್ಟು ಮಾಡು’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಮುಂದಕ್ಕೆ ಹೋಗುವಂಥ ಉತ್ತರ. ಆದರೆ ಈ ಮಗು ಗಮನವಿಟ್ಟೇ ಮಾಡಿದೆ. ಹತ್ತು ಬೇಕಾದಾಗ ಸೊನ್ನೆಯನ್ನು ಒಂಬತ್ತು ಮಾಡಬೇಕೆಂದು ಅದಕ್ಕೆ ಚೆನ್ನಾಗಿ ನೆನಪಿದೆ; ಆ ಒಂಬತ್ತು ಐದರ ಕಿಸೆಯಿಂದ ಬಂದದ್ದೆಂಬುದು ಮಾತ್ರ ಗೊತ್ತಿಲ್ಲ. ಇಂಥ ಮಗುವಿಗೆ ಮೇಷ್ಟ್ರು 804ರಲ್ಲಿ 358 ಕಳೆಯಲು ಕೊಡುತ್ತಿದ್ದರು. ಕೊಡುವ ಮೊದಲೇ ಚೀಟಿಯಲ್ಲಿ 546 ಎಂದು ಬರೆದು ಮಡಚಿ ಮೇಜಿನ ಮೇಲಿಡುವುದು. ಸರಿ ಉತ್ತರ 446. ಮಗು ಹಲಗೆಯ ಮೇಲೆ 546 ಬರೆದ ಮೇಲೆ ಚೀಟಿ ಬಿಚ್ಚಿ ತೋರಿಸಿದರೆ ತರಗತಿಗೆ ತರಗತಿಯೇ ಚಪ್ಪಾಳೆ. ತಪ್ಪು ಮಾಡಿದವನಿಗೂ ಖುಷಿಯೇ, ಅವನ ಮನಸ್ಸಿನಲ್ಲಿದ್ದದ್ದನ್ನು ಯಾರೋ ಓದಿಬಿಟ್ಟಿದ್ದಾರಲ್ಲ!

ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಮಾಡಿದ್ದನ್ನೇ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಂಪ್ಯೂಟರಿನಲ್ಲಿ ಮಾಡಿದ್ದರು. 1978ರಲ್ಲಿ ಪ್ರಕಟವಾದ ಅವರ ಪ್ರಬಂಧಕ್ಕೆ ಸರಕು ಒದಗಿಸಿದ್ದು ನಿಕರಾಗುವಾದ ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಉತ್ತರಗಳು. ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ಅಡ್ಡಾದಿಡ್ಡಿಯಲ್ಲ, ತಪ್ಪು ನಿಯಮವೊಂದನ್ನು ಚಾಚೂ ತಪ್ಪದೆ ಪಾಲಿಸಿದ್ದರ ಫಲ ಎಂಬುದು ಅವರ ವಾದ. ‘ಬಗ್ಗಿ’ ಎಂಬ ಅವರ ಪ್ರೋಗ್ರಾಮ್ ತಪ್ಪು ಮಾಡುವ ವಿದ್ಯಾರ್ಥಿಯ ವೇಷ ಹಾಕುತ್ತಿತ್ತು. ಲೆಕ್ಕ ಕೊಟ್ಟು ಕೊಟ್ಟು ಅದರ ರೋಗ ಕಂಡುಹಿಡಿಯುವುದು ಶಿಕ್ಷಕರ ಆಟ. ಕರ್ಟ್ ವ್ಯಾನ್‌ಲೆನ್ ಈ ಕೆಲಸವನ್ನು ಮುಂದುವರಿಸಿ 1990ರಲ್ಲಿ ‘ಮೈಂಡ್ ಬಗ್ಸ್’ ಎಂಬ ಪುಸ್ತಕವನ್ನೇ ಬರೆದರು. ನಮ್ಮ ದೊಡ್ಡಣ್ಣ ಅವರಲ್ಲಿ ‘ಸ್ಮಾಲರ್ ಫ್ರಮ್ ಲಾರ್ಜರ್’, ಜಿಗಿತ ‘ಬಾರೋ ಅಕ್ರಾಸ್ ಝೀರೋ’. ಅಡ್ಡಹೆಸರಿನ ವಿಷಯದಲ್ಲಿ ನನ್ನ ಮತ ತರೀಕೆರೆಗೇ.

ಆದರೆ ಎಲ್ಲವೂ ಇಷ್ಟು ಅಚ್ಚುಕಟ್ಟಲ್ಲ. ಸೋಮವಾರ ‘ಕೈಗಡ’ ಮಾಡಿದ ಹುಡುಗಿ ಗುರುವಾರ ‘ಕೈಲಾಗದು’ ಆಗಿರುವುದೂ ಪುಸ್ತಕದಲ್ಲಿದೆ. ಸಂಶೋಧಕರಿಗೂ ಇದು ತಲೆನೋವಾಗಿತ್ತು. ಕೊನೆಗೆ ಅವರು ಕೊಟ್ಟ ವಿವರಣೆ ಇದು: ಮುಂದೇನು ಮಾಡಬೇಕೆಂದು ತೋಚದೆ ಮಗು ನಿಂತಾಗ ಸುಮ್ಮನೆ ಕೂರುವುದಿಲ್ಲ, ಆ ಕ್ಷಣಕ್ಕೆ ಏನೋ ಒಂದು ತೇಪೆ ಹಾಕಿ ಮುಂದೆ ಹೋಗುತ್ತದೆ, ಇವತ್ತಿನ ತೇಪೆ ನಾಳೆಯದಾಗಿರಬೇಕಿಲ್ಲ.

ನಮ್ಮ ಸಮೀಕ್ಷೆಗಳಿಗೆ ಇದೊಂದೂ ಕಾಣುವುದಿಲ್ಲ. 2024ರ ‘ಅಸರ್’ ವರದಿಯಂತೆ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಬಲ್ಲವರು ಶೇ 33.7, 2022ರಲ್ಲಿ ಶೇ 25.9 ಇತ್ತು. ಏರಿಕೆ ಸಂತೋಷದ್ದೇ. ಆದರೆ ಬಾರದವರು ಯಾವ ದಾರಿಯಲ್ಲಿ ತಪ್ಪಿದರು ಎಂಬುದು ಶೇಕಡಾವಾರಿನಲ್ಲಿ ಅಡಗಿಹೋಗುತ್ತದೆ. ಅಲ್ಲಿ ಕೊಡುವುದು ಎರಡಂಕಿಯ ದಶಕಸಹಿತ ಲೆಕ್ಕ. ನಡುವೆ ಸೊನ್ನೆಯೇ ಇಲ್ಲದ ಮೇಲೆ ಜಿಗಿತವಾಗಲಿ ಕಳ್ಳ ಒಂಬತ್ತಾಗಲಿ ಹೊರಬೀಳುವುದೆಲ್ಲಿಂದ?

ಕಳೆಯುವುದರ ಬಗ್ಗೆ ಹಿಂದಿನವರು ಏನು ಹೇಳಿದ್ದಾರೆಂದು ನೋಡಹೋದರೆ ತಮಾಷೆಯಾಗಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಎಂಟು ಪರಿಕರ್ಮಗಳನ್ನು, ಅಂದರೆ ಮೂಲ ಲೆಕ್ಕಕ್ರಿಯೆಗಳನ್ನು, ಗುಣಾಕಾರದಿಂದ ಶುರುಮಾಡುತ್ತಾನೆ. ಅಲ್ಲಿ ‘ವ್ಯುತ್ಕಲಿತ’ ಎಂಬ ಕಳೆಯುವಿಕೆ ಉಂಟು, ಆದರೆ ಅದು ಶ್ರೇಢಿಗಳದ್ದು. ಬರೀ ಅಂಕಿಯಿಂದ ಅಂಕಿ ಕಳೆಯುವುದನ್ನು ಹೇಳುವ ಗೋಜಿಗೇ ಆತ ಹೋಗಿಲ್ಲ, ಇಷ್ಟೂ ಬಾರದವನು ನನ್ನ ಪುಸ್ತಕವನ್ನೇಕೆ ತೆರೆದ ಎಂಬಂತೆ. ಭಾಸ್ಕರಾಚಾರ್ಯ ವಿಜಯಪುರದವನು ಹೌದೋ ಅಲ್ಲವೋ ಎಂಬ ಜಗಳ ನನಗೆ ಬೇಡ. 1150ರ ಸುಮಾರಿನ ಅವನ ‘ಲೀಲಾವತಿ’ಯ ಮೊದಲ ಲೆಕ್ಕದಲ್ಲೇ ಕೆಲವು ಸಂಖ್ಯೆಗಳನ್ನು ಕೂಡಿ, ಬಂದ 360ನ್ನು ಹತ್ತು ಸಾವಿರದಲ್ಲಿ ಕಳೆಯಬೇಕು. ಸೊನ್ನೆಗಳ ಸಾಲಿಗೇ ಕೈಹಾಕಿಸುತ್ತಾನೆ ಪುಣ್ಯಾತ್ಮ! ಉತ್ತರ 9640. ಬಲದಿಂದಲಾದರೂ ಮಾಡು, ಎಡದಿಂದಲಾದರೂ ಮಾಡು ಎಂಬ ಸ್ವಾತಂತ್ರ್ಯವನ್ನೂ ಕೊಟ್ಟಿದ್ದಾನೆ. ಮಣ್ಣಿನ ಹುಡಿ ಹರಡಿದ ಹಲಗೆಯ ಮೇಲೆ ಅಂಕಿಯನ್ನು ಅಳಿಸಿ ತಿದ್ದುವುದು ಕಷ್ಟವಲ್ಲ, ಹಾಗಾಗಿ ಅದು ಸಾಧ್ಯವಿತ್ತು.

ಮೇಷ್ಟ್ರ ತಂದೆ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಕಳೆಯುತ್ತಿದ್ದ ರೀತಿಯೇ ಬೇರೆ. ಮೇಲಿನ ಸಾಲಿನ ಅಂಕಿಗೆ ಕೈಯೇ ಹಚ್ಚುತ್ತಿರಲಿಲ್ಲ. 502ರಲ್ಲಿ 247: ಎರಡನ್ನು ಹನ್ನೆರಡು ಅಂದುಕೊಂಡು ಏಳು ಕಳೆದರೆ ಐದು. ಮೇಲೆ ಹತ್ತು ಸೇರಿಸಿಕೊಂಡದ್ದಕ್ಕೆ ಕೆಳಗಿನ ನಾಲ್ಕನ್ನು ಐದು ಮಾಡು. ಸೊನ್ನೆಯನ್ನು ಹತ್ತು ಅಂದುಕೋ, ಐದು ಹೋದರೆ ಐದು. ಕೆಳಗಿನ ಎರಡನ್ನು ಮೂರು ಮಾಡು. ಐದರಲ್ಲಿ ಮೂರು ಹೋದರೆ ಎರಡು. 255, ಚಿತ್ತುಕಾಟಿಲ್ಲದೆ. ಕಳ್ಳ ಒಂಬತ್ತಿಗೆ ಇಲ್ಲಿ ಜಾಗವೇ ಇಲ್ಲ. ನನಗಂತೂ ಇದೇ ಇಷ್ಟ. ಇಂಥದ್ದನ್ನು ಕೈಬಿಟ್ಟದ್ದು ಯಾಕೆ?

ಅಮೆರಿಕದ ಮಟ್ಟಿಗೆ ಉತ್ತರ 1949ರಲ್ಲಿದೆ. ಡ್ಯೂಕ್ ವಿಶ್ವವಿದ್ಯಾಲಯದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಎರಡೂ ವಿಧಾನಗಳನ್ನು ಮೂರನೇ ತರಗತಿಯ ಮಕ್ಕಳ ಮೇಲೆ ಪರೀಕ್ಷಿಸಿದರು. ಅರ್ಥ ಬಿಡಿಸಿ ಹೇಳಿಕೊಟ್ಟಾಗ, ಪಕ್ಕದ ಮನೆಯಿಂದ ಹತ್ತು ತರುವ ಈಗಿನ ವಿಧಾನವೇ ಮುಂದೆ. ಬಾಯಿಪಾಠ ಮಾಡಿಸಿದರೆ ಆ ಮೇಲುಗೈ ಇಲ್ಲ. ಅಲ್ಲಿಂದಾಚೆಗೆ ಅಮೆರಿಕದ ಪಠ್ಯಪುಸ್ತಕಗಳಲ್ಲಿ ಅದೇ ನೆಲೆಯೂರಿತು. ಮೊದಲ ಅರ್ಧವನ್ನು ಹಿಡಿದುಕೊಂಡು ಎರಡನೆಯದನ್ನು ಮರೆತವರೇ ಹೆಚ್ಚೆಂದು ನನ್ನ ಗುಮಾನಿ.

ಅರ್ಥ ಬಿಡಿಸಿ ಹೇಳುವುದೂ ಸುಲಭವಲ್ಲ. ದೊಡ್ಡಣ್ಣನ ಪಂಗಡದ ಹುಡುಗನೊಬ್ಬ 304ರಲ್ಲಿ 186 ಕಳೆದು 282 ಬರೆದಿದ್ದ. ಉತ್ತರಕ್ಕೆ 186 ಕೂಡಿಸಿ ನೋಡು ಎಂದರು ಮೇಷ್ಟ್ರು. 468 ಬಂತು. ‘304 ಬರಬೇಕಿತ್ತಲ್ಲೋ?’ ಎಂದರೆ, ‘ಅದು ಕೂಡೋ ಲೆಕ್ಕ ಸಾರ್, ಇದು ಕಳೆಯೋ ಲೆಕ್ಕ’ ಎಂದನಂತೆ. ಮೇಷ್ಟ್ರು ಆಟದ ನೋಟು ತೆಗೆದರು. ನೂರರ ಮೂರು ನೋಟು, ಒಂದು ರೂಪಾಯಿಯ ನಾಲ್ಕು ನಾಣ್ಯ ಅವನ ಕೈಗಿಟ್ಟು, ‘ನಂಗೆ ನೂರ ಎಂಬತ್ತಾರು ಕೊಡು’ ಎಂದರು. ಹುಡುಗ ಒಂದು ಗಳಿಗೆಯೂ ಯೋಚಿಸದೆ ನೂರರ ನೋಟೊಂದನ್ನು ಮುಂದೆ ಚಾಚಿ, ‘ಇದ್ಕೆ ಚಿಲ್ಲರೆ ಕೊಡಿ ಸಾರ್’ ಎಂದ. ಹತ್ತರ ಹತ್ತು ನೋಟು ಬಂದವು. ಅದರಲ್ಲೊಂದನ್ನು ಮತ್ತೆ ಮುರಿಸಿಕೊಂಡ. 186 ಎಣಿಸಿಕೊಟ್ಟ, ಕೈಯಲ್ಲಿ 118 ಉಳಿಯಿತು. ಒಂದು ಪೈಸೆ ಆಚೀಚೆಯಿಲ್ಲ. ನೋಟುಗಳನ್ನು ಎತ್ತಿಟ್ಟು ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಮತ್ತೆ 282!