ಹಳೆಯ ಕಾಳುಮದ್ದು: ಈಲಿಗೆ ಅಪಾಯ
ಕೊತ್ತಗೆರೆ ಸುತ್ತಿನ ರೈತರ ಅಟ್ಟದಲ್ಲಿ, ಅವರೆ ಹುರುಳಿಯ ಹುಳುವಿಗೆಂದು ಹಿಂದೆ ತಂದ ಇ.ಡಿ.ಸಿ.ಟಿ. ಡಬ್ಬಿ ಉಳಿದಿದ್ದರೆ ತೆರೆಯಬಾರದು. ಅದರ ನಾಲ್ಕನೆಯ ಒಂದು ಪಾಲು ಕಾರ್ಬನ್ ಟೆಟ್ರಾಕ್ಲೋರೈಡ್. ಇದನ್ನೇ ಒಂದು ಕಾಲಕ್ಕೆ ಕುರಿಗಳ ಈಲಿಹುಳುವಿಗೂ ಕುಡಿಸುತ್ತಿದ್ದರು. ಕೆಲವೊಮ್ಮೆ ಹುಳುವಿನೊಡನೆ ಕುರಿಯೂ ಸಾಯುತ್ತಿತ್ತು!

ಈ ದ್ರವವನ್ನು ಒಡೆದು ತೀವ್ರ ವಿಷವಾಗಿಸುವುದು ಈಲಿಯಲ್ಲೇ ಇರುವ ಒಂದು ಕಿಣ್ವ. ದಿನವೂ ಮದ್ಯ ಸೇವಿಸುವವರಲ್ಲಿ ಈ ಕಿಣ್ವ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು. ಡೈಸಲ್ಫಿರಾಮ್ ಔಷಧಿಯಿಂದ ಕಿಣ್ವವನ್ನು ಮೊದಲೇ ತಡೆದಾಗ ಪ್ರಯೋಗದ ಇಲಿಗಳ ಈಲಿಗೆ ಹಾನಿ ತಗ್ಗಿತು. ಆದರೆ ಇದು ಮನೆಯಲ್ಲಿ ನುಂಗುವ ಮದ್ದಲ್ಲ. ಆವಿ ಸೇವಿಸಿದವರನ್ನು ಬಯಲಿಗೆ ತಂದು, ಚೆನ್ನಾಗಿರುವಂತೆ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಮಾಲೆ ಕೆಲವು ದಿನ ತಡವಾಗಿ ತೋರಬಹುದು. ಅಲ್ಲಿ ವೈದ್ಯರು ಅಸಿಟೈಲ್‌ಸಿಸ್ಟೀನ್ ಕೊಡುವುದುಂಟು. ಮದ್ದಿನ ಹೆಸರನ್ನು ಅವರಿಗೆ ತಪ್ಪದೆ ತಿಳಿಸಿರಿ.